ಮೊದಲು ಇದ್ದ ಹಾಗೆ, ಆಮೇಲೆ ಬೇಕಾದ ಹಾಗೆ: ಹಳೇ ಫೋಟೋಗಳ ಡಿಜಿಟಲ್ ನಕಲು

(ನಮ್ಮೂರಿನ ಗ್ರಂಥಾಲಯದಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮನೆಯ ಹಳೇ ಫೋಟೋಗಳನ್ನು ತನ್ನಿ ಎಂದಿದ್ದೆವು. ಆಲ್ಬಂ ತಂದವರಿದ್ದೀರಿ. ಸಿಹಿತಿಂಡಿ ಡಬ್ಬದಲ್ಲಿ ತುಂಬಿಕೊಂಡು ಬಂದವರಿದ್ದೀರಿ. ಗೋಡೆಯ ಮೇಲಿದ್ದ ಕಟ್ಟಿನ ಫೋಟೋವನ್ನೇ ಇಳಿಸಿ ತಂದವರೂ ಇದ್ದೀರಿ. ಹಾಗಾಗಿ ಪರದೆ ಮೇಲೆ ತೋರಿಸುವುದನ್ನು ಕಡಿಮೆ ಮಾಡಿ, ಈ ಮೇಜಿನ ಮೇಲಿರುವುದನ್ನೇ ಇಟ್ಟುಕೊಂಡು ಮಾತಾಡುತ್ತೇನೆ.

ಶುರುವಿಗೇ ಒಂದು ಮಾತು. ಫೋಟೋವನ್ನು ಇದ್ದ ಹಾಗೆ ನಕಲು ಮಾಡುವುದು ಒಂದು ಕೆಲಸ. ಅದನ್ನು ಚೆಂದ ಮಾಡುವುದು ಇನ್ನೊಂದು ಕೆಲಸ. ಇವತ್ತಿನ ಆ್ಯಪ್‌ಗಳು ಎರಡನ್ನೂ ಒಂದೇ ಸಲ ಮಾಡಿ ಕೊಡುತ್ತವೆ. ತಾಪತ್ರಯ ಶುರುವಾಗುವುದೇ ಅಲ್ಲಿಂದ. ಕಲೆ ತೆಗೆಯುವ ಭರದಲ್ಲಿ ಏನೇನು ಹೋಯಿತು ಅಂತ ಆಮೇಲೆ ನೋಡಲು ನಮ್ಮ ಹತ್ತಿರ ಏನೂ ಉಳಿದಿರುವುದಿಲ್ಲ. ಅದಕ್ಕೇ ನಾನು ಹೇಳುವುದು ಇಷ್ಟು: ಮೊದಲು ಕಲೆ, ಗೀರು, ಮಡಿಕೆ ಎಲ್ಲವೂ ಇರುವ ಒಂದು ಒಳ್ಳೆ ನಕಲು ಮಾಡಿಕೊಳ್ಳಿ. ಅದನ್ನು ಮುಟ್ಟದೆ ಎತ್ತಿಡಿ. ರಿಪೇರಿ ಏನಿದ್ದರೂ ಅದರ ಇನ್ನೊಂದು ಪ್ರತಿಯ ಮೇಲೆ.

ಕೈಯಲ್ಲಿರುವುದು ಎಂಥ ಫೋಟೋ?

ಸ್ಕ್ಯಾನರ್ ಯಾವುದು ಅನ್ನುವುದಕ್ಕಿಂತ ಮುಂಚೆ ಇದನ್ನು ನೋಡಬೇಕು. ಇಲ್ಲಿ ನೋಡಿ, ಅಂಗೈಗಿಂತ ಚಿಕ್ಕ ಚೌಕ ಫೋಟೋ. ಅಂಚು ಕಚ್ಚು ಕಚ್ಚಾಗಿದೆ. ಅಗ್ಫಾ ಕ್ಲಿಕ್ 3 ಅನ್ನುವ ಕ್ಯಾಮೆರಾ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿತ್ತು. 120 ಅಳತೆಯ ಒಂದು ರೋಲು ಹಾಕಿದರೆ 6 ಸೆಂಟಿಮೀಟರ್ ಚೌಕದ 12 ಫೋಟೋ ಬರುತ್ತಿದ್ದವು. ನೆಗೆಟಿವನ್ನು ಕಾಗದದ ಮೇಲೆ ನೇರವಾಗಿ ಇಟ್ಟು ಬೆಳಕು ಬಿಟ್ಟರೆ ಅಷ್ಟೇ ಅಳತೆಯ ಪ್ರಿಂಟು. ದೊಡ್ಡದು ಮಾಡಿಸಲು ದುಡ್ಡು ಜಾಸ್ತಿ, ಹಾಗಾಗಿ ಹೆಚ್ಚಿನವರು ಇದರಲ್ಲೇ ನಿಲ್ಲುತ್ತಿದ್ದರು.

ಚಿಕ್ಕ ಫೋಟೋದಲ್ಲಿ ಏನಿರುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ವಿಷಯ ಉಲ್ಟಾ. ಇದು ಹಿಗ್ಗಿಸಿದ್ದಲ್ಲ, ನೆಗೆಟಿವ್‌ನಲ್ಲಿದ್ದ ವಿವರ ಅಷ್ಟೇ ಜಾಗದಲ್ಲಿ ಒತ್ತಾಗಿ ಕೂತಿದೆ. ಇಂಥದ್ದನ್ನು 1200 ಡಿಪಿಐಗೆ, ಅಂದರೆ ಇಂಚಿಗೆ 1200 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ವ್ಯರ್ಥವಾಗುವುದಿಲ್ಲ. ಅದೇ ಗೋಡೆಗೆ ಹಾಕುವ ಹನ್ನೆರಡು ಇಂಚಿನ ಫೋಟೋ ಆಗಲೇ ಹಿಗ್ಗಿಸಿದ್ದು. ಅದಕ್ಕೆ 400, ಹೆಚ್ಚೆಂದರೆ 600 ಸಾಕು.

ಡಿಪಿಐ ಅಂದರೆ ಒಂದು ಇಂಚಿನಲ್ಲಿ ಎಷ್ಟು ಚುಕ್ಕೆ ಓದಬೇಕು ಅನ್ನುವ ಲೆಕ್ಕ. ಇದನ್ನು ಫೋಟೋದ ಅಳತೆಯ ಮೇಲೆ ಅಲ್ಲ, ಅದರಲ್ಲಿರುವ ಮುಖದ ಅಳತೆಯ ಮೇಲೆ ಹಾಕಿ. ಶಾಲೆಯ ಗ್ರೂಪ್ ಫೋಟೋ ತಗೊಳ್ಳಿ. ಮುಂದೆ ಕುರ್ಚಿಯಲ್ಲಿ ಮೇಷ್ಟ್ರುಗಳು, ಹಿಂದೆ ಬೆಂಚಿನ ಮೇಲೆ ನಿಂತ ಹುಡುಗರು. ಹಿಂದಿನ ಸಾಲಿನ ಒಂದು ಮುಖ 5 ಮಿಲಿಮೀಟರ್ ಇದೆ ಅನ್ನಿ. 300 ಡಿಪಿಐನಲ್ಲಿ ಆ ಮುಖಕ್ಕೆ ಸಿಗುವುದು ಸುಮಾರು 60 ಪಿಕ್ಸೆಲ್. 600ರಲ್ಲಿ 118. 60ರಲ್ಲಿ ಮನುಷ್ಯ ಅಂತ ಗೊತ್ತಾಗುತ್ತದೆ, ಯಾರು ಅಂತ ಹೇಳುವುದು ಕಷ್ಟ. ಪಾಸ್‌ಪೋರ್ಟ್ ಅಳತೆಯ ಫೋಟೋಗೂ ಇದೇ ಮಾತು. ತೀರಿಕೊಂಡವರದ್ದು ಅದೊಂದೇ ಫೋಟೋ ಇರುವುದು ಎಷ್ಟೋ ಮನೆಗಳಲ್ಲಿ. 35ಕ್ಕೆ 45 ಮಿಲಿಮೀಟರ್ ಫೋಟೋವನ್ನು 1200ಕ್ಕೆ ಹಾಕಿದರೆ 1654ಕ್ಕೆ 2126 ಪಿಕ್ಸೆಲ್ ಸಿಗುತ್ತದೆ. ಐದು ಇಂಚು ಅಗಲ, ಏಳು ಇಂಚು ಎತ್ತರದ ಪ್ರಿಂಟಿಗೆ ಅದು ಸಾಕು.

ಹಾಗಂತ 4800, 9600 ಅಂತ ಹಾಕಬೇಡಿ. ಡಬ್ಬದ ಮೇಲೆ ಬರೆದ ದೊಡ್ಡ ಸಂಖ್ಯೆಗಳಲ್ಲಿ ಕೆಲವು ಸಾಫ್ಟ್‌ವೇರ್ ಊಹಿಸಿ ತುಂಬಿಸಿದ ಪಿಕ್ಸೆಲ್‌ಗಳದ್ದು. ‘ಆಪ್ಟಿಕಲ್’ ಅಂತ ಬರೆದಿರುವ ಸಂಖ್ಯೆ ಮಾತ್ರ ಲೆಕ್ಕಕ್ಕೆ. ಕಾಗದದಲ್ಲೇ ಇಲ್ಲದ ವಿವರ ಯಾವ ಸ್ಕ್ಯಾನರ್‌ಗೂ ಸಿಗುವುದಿಲ್ಲ.

ನೆಗೆಟಿವ್ ಸಿಕ್ಕರೆ? ಪ್ರಿಂಟ್ ಬಿಟ್ಟು ಅದನ್ನೇ ಹಿಡಿಯಿರಿ. ಪ್ರಿಂಟ್‌ನಲ್ಲಿ ಬೆಳ್ಳಗೆ ಸುಟ್ಟು ಹೋದ ಆಕಾಶ, ಕಪ್ಪಾಗಿ ಮುಳುಗಿದ ಸೀರೆಯ ಬಣ್ಣದಂಚು ನೆಗೆಟಿವ್‌ನಲ್ಲಿ ಇನ್ನೂ ಇರುವ ಸಾಧ್ಯತೆ ಜಾಸ್ತಿ. ಸ್ಟುಡಿಯೋದ ಹಳದಿ ಕವರ್‌ಗಳನ್ನು ಖಾಲಿ ಅಂತ ಎಸೆಯುವ ಮುಂಚೆ ಒಳಗೆ ಕೈ ಹಾಕಿ ನೋಡಿ.

ಒರೆಸಬೇಡಿ

ಈಗ ಶುಚಿ ಮಾಡುವ ವಿಷಯ. ಒದ್ದೆ ಬಟ್ಟೆ ಬೇಡ. ಕನ್ನಡಕ ಒರೆಸುವ ದ್ರವ ಬೇಡ. ಬಾಯಿಂದ ಊದುವುದೂ ಬೇಡ, ಎಂಜಲು ಹಾರುತ್ತದೆ. ಫೋಟೋದ ಮೇಲ್ಪದರ ಜೆಲಾಟಿನ್. ನೀರು ತಾಗಿದರೆ ಉಬ್ಬುತ್ತದೆ, ಮೆತ್ತಗಾಗುತ್ತದೆ. ರಬ್ಬರ್ ಬ್ಲೋವರ್‌ನಿಂದ ಗಾಳಿ ಬಿಡಿ, ಆಮೇಲೆ ಮೆತ್ತನೆಯ ಒಣ ಬ್ರಶ್ ಆಡಿಸಿ. ಅಷ್ಟೇ. ಸ್ಕ್ಯಾನರ್‌ನ ಗಾಜನ್ನು ಮಾತ್ರ ಧಾರಾಳವಾಗಿ ಒರೆಸಿ. ಅದರ ಮೇಲಿನ ಒಂದು ಕೂದಲು ಎಲ್ಲ ಫೋಟೋಗಳಲ್ಲೂ ಬಂದು ಕೂರುತ್ತದೆ.

ಹಳೇ ಕಪ್ಪು ಬಿಳುಪು ಫೋಟೋಗಳ ಕಪ್ಪು ಜಾಗದಲ್ಲಿ ನೀಲಿ ಮಿಶ್ರಿತ ಬೆಳ್ಳಿ ಹೊಳಪು ಕಾಣುತ್ತದೆ, ನೋಡಿದ್ದೀರಾ? ಓರೆಯಾಗಿ ಹಿಡಿದರೆ ಕನ್ನಡಿಯ ಹಾಗೆ ಮಿನುಗುತ್ತದೆ. ಅದು ಕೊಳೆಯಲ್ಲ. ಚಿತ್ರವನ್ನು ಕಟ್ಟಿದ ಬೆಳ್ಳಿಯೇ ತೇವ ಮತ್ತು ಕೆಟ್ಟ ಗಾಳಿಯಿಂದ ಕರಗಿ ಮೇಲಕ್ಕೆ ಬಂದು ಕೂತಿರುತ್ತದೆ. ಉಜ್ಜಿದರೆ ಚಿತ್ರವೇ ಹೋಗುತ್ತದೆ. ಅದನ್ನು ಬೆಳಕಿನಿಂದ ಹೇಗೆ ಮರೆಮಾಡಬಹುದು ಅಂತ ಆಮೇಲೆ ಹೇಳುತ್ತೇನೆ.

ಇನ್ನು ಗಾಜಿಗೆ ಅಂಟಿಕೊಂಡ ಫೋಟೋ. ಮಲೆನಾಡು, ಕರಾವಳಿಯವರಿಗೆ ಇದು ಹೊಸದಲ್ಲ. ಮಳೆಗಾಲದ ತೇವಕ್ಕೆ ಜೆಲಾಟಿನ್ ಮೆತ್ತಗಾಗಿ ಗಾಜಿಗೆ ಹತ್ತಿಕೊಳ್ಳುತ್ತದೆ. ಬೇಸಿಗೆಯಲ್ಲಿ ಒಣಗಿ ಗಟ್ಟಿಯಾಗುತ್ತದೆ. ದಯವಿಟ್ಟು ಎಳೆಯಬೇಡಿ. ಎಳೆದರೆ ಮುಖ ಗಾಜಿನ ಮೇಲೆ, ಕಾಗದ ಕೈಯಲ್ಲಿ. ಕಟ್ಟು ಬಿಚ್ಚಿ, ಗಾಜನ್ನು ಹೊರಗಿನಿಂದ ಒರೆಸಿ, ಗಾಜಿನ ಸಮೇತ ನಕಲು ಮಾಡಿ.

ಎಂಬತ್ತರ ದಶಕದ ಅಂಟು ಹಾಳೆಯ ಆಲ್ಬಂಗಳೂ ಹೀಗೇ. ಮೇಲೆ ಪ್ಲಾಸ್ಟಿಕ್, ಕೆಳಗೆ ಗೆರೆ ಗೆರೆಯಾಗಿ ಅಂಟು. ಆಗ ದೊಡ್ಡ ಅನುಕೂಲ ಅನ್ನಿಸಿತ್ತು. ಈಗ ಆ ಗೆರೆಗಳೇ ಹಳದಿ ಕಲೆ. ಹಲ್ಲಿನ ಸಂದಿಗೆ ಹಾಕುವ ಫ್ಲಾಸ್ ದಾರವನ್ನು ಫೋಟೋದ ಹಿಂದೆ ನಿಧಾನವಾಗಿ ಗರಗಸದ ಹಾಗೆ ಆಡಿಸಿದರೆ ಕೆಲವು ಬಿಡುತ್ತವೆ. ಬಿಡದಿದ್ದರೆ ಪ್ಲಾಸ್ಟಿಕ್ ಹಾಳೆ ಎತ್ತಿ ಪುಟದ ಸಮೇತ ಸ್ಕ್ಯಾನ್ ಮಾಡಿ. ಹಟ ಮಾಡಬೇಡಿ.

ಸ್ಕ್ಯಾನರ್ ಮುಂದೆ

ತೆಳ್ಳಗಿನ ಸ್ಕ್ಯಾನರ್‌ಗಳಲ್ಲಿ, ಮನೆಯ ಪ್ರಿಂಟರ್ ಜೊತೆ ಬರುವವುಗಳಲ್ಲಿ, ಸಾಮಾನ್ಯವಾಗಿ ಸಿಐಎಸ್ ಅನ್ನುವ ಸೆನ್ಸರ್ ಇರುತ್ತದೆ. ಅದರ ದೃಷ್ಟಿ ಗಾಜಿಗೆ ಒತ್ತಿಕೊಂಡಿರುವುದರ ಮೇಲೆ ಮಾತ್ರ. ಫೋಟೋ ಸುರುಳಿಯಾಗಿ ಒಂದೆರಡು ಮಿಲಿಮೀಟರ್ ಎದ್ದರೂ ಅಲ್ಲಿ ಮಸುಕು. ದಪ್ಪ ಸ್ಕ್ಯಾನರ್‌ಗಳಲ್ಲಿ ಸಿಸಿಡಿ ಮತ್ತು ಲೆನ್ಸ್ ಇರುತ್ತದೆ. ಅದಕ್ಕೆ ಸ್ವಲ್ಪ ಆಳವೂ ಕಾಣುತ್ತದೆ. ಗಾಜಿಗೆ ಅಂಟಿದ ಫೋಟೋ, ರಟ್ಟು ಡೊಂಕಾದ ಫೋಟೋ ಇದ್ದರೆ ಸಿಸಿಡಿಯೇ ಬೇಕು. ಬರೀ ಸಪಾಟಾದ ಫೋಟೋಗಳಿದ್ದರೆ ಸಿಐಎಸ್ ಸಾಕು, ಸಿಸಿಡಿಗೆ ಅಂತ ಸುಮ್ನೆ ಖರ್ಚು ಮಾಡಬೇಡಿ. ಹಾಳೆ ಎಳೆದುಕೊಂಡು ಓದುವ ಫೀಡರ್‌ಗೆ ಮಾತ್ರ ಹಳೇ ಫೋಟೋ ಕೊಡಬೇಡಿ.

ಸೆಟ್ಟಿಂಗ್ ವಿಷಯದಲ್ಲಿ ಹೆಚ್ಚಿನದು ಆಫ್ ಮಾಡುವ ಕೆಲಸ. ಆಟೋ ಬಣ್ಣ ಆಫ್. ಶಾರ್ಪನಿಂಗ್ ಆಫ್. ಧೂಳು ತೆಗೆಯುವ ಆಯ್ಕೆ ಆಫ್. ಫೋಟೋವನ್ನು ತಾನೇ ಕತ್ತರಿಸುವ ಆಯ್ಕೆಯೂ ಆಫ್. ಸುತ್ತ ಒಂದು ಬೆರಳು ಅಂಚು ಬಿಟ್ಟೇ ಸ್ಕ್ಯಾನ್ ಮಾಡಿ. ಆ ಕಚ್ಚು ಅಂಚು, ಬಿಳಿ ಬಾರ್ಡರು, ರಟ್ಟಿನ ಮೇಲಿನ ಸ್ಟುಡಿಯೋ ಹೆಸರು, ಎಲ್ಲವೂ ಫೋಟೋ ಯಾವ ಕಾಲದ್ದು ಅಂತ ಹೇಳುವ ಸಾಕ್ಷಿ.

ಕಪ್ಪು ಬಿಳುಪು ಫೋಟೋವನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಇದಕ್ಕೆ ಕಾರಣವಿದೆ. ಬಣ್ಣದ ಫೈಲಿನಲ್ಲಿ ಕೆಂಪು, ಹಸಿರು, ನೀಲಿ ಅಂತ ಮೂರು ಪದರ ಇರುತ್ತವೆ. ಕಂದು ಅಥವಾ ಹಳದಿ ಕಲೆ ನೀಲಿ ಪದರದಲ್ಲಿ ಕಪ್ಪಗೆ ಎದ್ದು ಕಾಣುತ್ತದೆ, ಕೆಂಪು ಪದರದಲ್ಲಿ ಬಹುಪಾಲು ಮಾಯವಾಗುತ್ತದೆ. ಹಾಗಾಗಿ ಕಾಫಿ ಚೆಲ್ಲಿದ ಫೋಟೋ ಇದ್ದರೆ ಕೆಂಪು ಪದರವನ್ನಷ್ಟೇ ತೆಗೆದು ನೋಡಿ. ಅರ್ಧ ರಿಪೇರಿ ಆಗಿಯೇ ಹೋಗಿರುತ್ತದೆ! ಚಿತ್ರವೇ ಮಾಸಿ ಹಳದಿಯಾಗಿದ್ದರೆ ಉಲ್ಟಾ ಮಾಡಿ. ನೀಲಿ ಪದರದಲ್ಲಿ ಆ ಹಳದಿ ಗಾಢವಾಗಿ, ಮುಖ ಸ್ಪಷ್ಟವಾಗಿ ಸಿಗುತ್ತದೆ. ಶುರುವಿನಲ್ಲೇ ಬರೀ ಬೂದು ಬಣ್ಣದಲ್ಲಿ ಸ್ಕ್ಯಾನ್ ಮಾಡಿಬಿಟ್ಟಿದ್ದರೆ ಈ ಎರಡೂ ದಾರಿ ಮುಚ್ಚಿದ ಹಾಗೆ.

ಬೆಳಕಿನ ಮಟ್ಟ ಸರಿ ಇದೆಯಾ ಅಂತ ನೋಡಲು ನನ್ನದೊಂದು ಸುಲಭದ ಪರೀಕ್ಷೆ. ಬಿಳಿ ಪಂಚೆಯಲ್ಲಿ ನಿರಿಗೆ ಕಾಣಬೇಕು. ಕಪ್ಪು ಕೋಟಿನಲ್ಲಿ ಗುಂಡಿ ಕಾಣಬೇಕು. ಮೂಲ ಫೋಟೋದಲ್ಲಿ ಕಾಣುವುದು ಸ್ಕ್ಯಾನ್‌ನಲ್ಲಿ ಕಾಣದಿದ್ದರೆ ಇನ್ನೊಮ್ಮೆ ಮಾಡಿ.

ಉಳಿಸುವಾಗ ಮೂಲ ಪ್ರತಿ ಟಿಫ್‌ನಲ್ಲಿರಲಿ, ಅದು ಏನನ್ನೂ ಕಳೆಯದೆ ಉಳಿಸುವ ಫೈಲಿನ ಬಗೆ. ಫೋನಿನಲ್ಲಿ ಸಾಮಾನ್ಯವಾಗಿ ಬರುವ ಜೆಪೆಗ್ ಫೈಲು ಪ್ರತಿ ಸಲ ತಿದ್ದಿ ಉಳಿಸಿದಾಗಲೂ ಸ್ವಲ್ಪ ಸ್ವಲ್ಪ ಕಳೆದುಕೊಳ್ಳುತ್ತದೆ. 4ಕ್ಕೆ 6 ಇಂಚಿನ ಫೋಟೋ 600 ಡಿಪಿಐನಲ್ಲಿ 2400ಕ್ಕೆ 3600 ಪಿಕ್ಸೆಲ್, ಟಿಫ್ ಮಾಡಿದರೆ ಸುಮಾರು 26 ಎಂಬಿ. ಬಹಳ ಮಾಸಿದ ಫೋಟೋಗೆ 48 ಬಿಟ್, ಅಂದರೆ ಬಣ್ಣದ ಇನ್ನೂ ಸೂಕ್ಷ್ಮ ಮಟ್ಟಗಳನ್ನು ದಾಖಲಿಸುವ ಸೆಟ್ಟಿಂಗ್ ಆರಿಸಿದರೆ ಅದರ ಎರಡರಷ್ಟು. ಈಗಿನ ಹಾರ್ಡ್ ಡಿಸ್ಕ್‌ಗಳಿಗೆ ಇದೇನೂ ಹೊರೆಯಲ್ಲ. ಹಂಚಲು ಬೇಕಾದರೆ ಜೆಪೆಗ್ ಪ್ರತಿ ಬೇರೆ ಮಾಡಿಕೊಳ್ಳಿ.

ಕ್ಯಾಮೆರಾದಲ್ಲಿ ತೆಗೆಯುವುದು

ಸ್ಕ್ಯಾನರ್‌ಗೆ ಹಿಡಿಸದ ದೊಡ್ಡ ಫೋಟೋ, ಬಿಡಿಸಿದರೆ ಮುರಿಯುವ ಆಲ್ಬಂ, ಹೊಳಪು ಬಂದ ಹಳೇ ಪ್ರಿಂಟು, ಇವಕ್ಕೆ ಕ್ಯಾಮೆರಾ ಒಳ್ಳೆಯದು. ಕ್ಯಾಮೆರಾ ಮೇಲಿನಿಂದ ನೇರ ಕೆಳಗೆ ನೋಡಬೇಕು. ನೇರ ಇದೆಯಾ ಅಂತ ತಿಳಿಯಲು ಫೋಟೋ ಇಡುವ ಜಾಗದಲ್ಲಿ ಚಿಕ್ಕ ಕನ್ನಡಿ ಇಡಿ. ಲೆನ್ಸ್‌ನ ಪ್ರತಿಬಿಂಬ ಚೌಕಟ್ಟಿನ ನಟ್ಟ ನಡುವೆ ಕಂಡರೆ ನೇರ ಇದೆ ಅಂತ. ಎರಡು ಒಂದೇ ಥರದ ದೀಪ, ಎಡಕ್ಕೊಂದು ಬಲಕ್ಕೊಂದು, 45 ಡಿಗ್ರಿ ಓರೆಯಲ್ಲಿ. ಕೋಣೆಯ ಬೇರೆ ದೀಪ ಆರಿಸಿ. ಬಣ್ಣ ಬಣ್ಣದ ಬೆಳಕು ಬೆರೆತರೆ ಆಮೇಲೆ ಸರಿಮಾಡಲು ಆಗುವುದಿಲ್ಲ.

ಆ ಬೆಳ್ಳಿ ಹೊಳಪಿಗೆ ಮದ್ದು ಇಲ್ಲಿದೆ. ದೀಪಗಳ ಮುಂದೆ ಪೋಲರೈಸಿಂಗ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವಂಥದ್ದು), ಲೆನ್ಸ್‌ಗೆ ಪೋಲರೈಸಿಂಗ್ ಫಿಲ್ಟರ್. ಫಿಲ್ಟರ್ ತಿರುಗಿಸುತ್ತಾ ಹೋದರೆ ಒಂದು ಹಂತದಲ್ಲಿ ಹೊಳಪು ಪೂರ್ತಿ ಆರಿ ಕೆಳಗಿನ ಕಪ್ಪು ಕಾಣುತ್ತದೆ. ಮೊದಲ ಸಲ ನೋಡಿದವರು ಇದೇನೋ ಕಣ್ಕಟ್ಟು ಅಂತಾರೆ. ಎಂಬತ್ತರ ದಶಕದ ಕಲರ್ ಫೋಟೋಗಳಲ್ಲಿ ಜೇನುಗೂಡಿನಂಥ ತರಿ ಇರುವ ‘ಸಿಲ್ಕ್’ ಕಾಗದ ಬರುತ್ತಿತ್ತು. ಸ್ಕ್ಯಾನರ್‌ನಲ್ಲಿ ಆ ತರಿಯ ಪ್ರತಿ ಗುಳಿಯೂ ಬಿಳಿ ಚುಕ್ಕೆಯಾಗುತ್ತದೆ. ಅದಕ್ಕೂ ಇದೇ ಮದ್ದು. ಪೋಲರೈಸರ್ ಇಲ್ಲದಿದ್ದರೆ ಸ್ಕ್ಯಾನರ್‌ನಲ್ಲೇ ಒಮ್ಮೆ ನೇರ, ಒಮ್ಮೆ ತಲೆಕೆಳಗಾಗಿ ಇಟ್ಟು ಎರಡು ಸ್ಕ್ಯಾನ್ ಮಾಡಿ. ಒಂದನ್ನು ತಿರುಗಿಸಿ ಇನ್ನೊಂದರ ಮೇಲೆ ಅರ್ಧ ಪಾರದರ್ಶಕವಾಗಿ ಕೂರಿಸಿದರೆ ಚುಕ್ಕೆ ಬಹಳ ಕಡಿಮೆಯಾಗುತ್ತದೆ.

ಮೊಬೈಲ್? ಬೇಡ ಅನ್ನುವುದಿಲ್ಲ. ನೆಂಟರ ಮನೆಗೆ ಹೋಗಿದ್ದೀರಿ, ಫೋಟೋ ಹೊರಗೆ ಕೊಡುವುದಿಲ್ಲ ಅಂತಾರೆ. ಆಗ ಮೊಬೈಲೇ ಗತಿ. ಕಿಟಕಿ ಹತ್ತಿರ, ನೇರ ಬಿಸಿಲು ಬೀಳದ ಕಡೆ ಇಡಿ. ತೀರ ಹತ್ತಿರ ಹೋಗಬೇಡಿ, ಮೂಲೆಗಳು ಬಾಗುತ್ತವೆ. 2 ಎಕ್ಸ್ ಲೆನ್ಸ್ ಇದ್ದರೆ ಅದನ್ನು ಹಾಕಿ ಸ್ವಲ್ಪ ದೂರ ನಿಲ್ಲಿ. ಫ್ಲ್ಯಾಶ್ ಬೇಡ, ಬ್ಯೂಟಿ ಮೋಡ್ ಅಂತೂ ಬೇಡವೇ ಬೇಡ. ಗೂಗಲ್ 2016ರಲ್ಲಿ ತಂದ ಫೋಟೋಸ್ಕ್ಯಾನ್ ಆ್ಯಪ್ ಒಂದೇ ಫೋಟೋವನ್ನು ಹಲವು ಕೋನಗಳಿಂದ ತೆಗೆದು ಗಾಜಿನ ಹೊಳಪನ್ನು ಕಳೆಯುತ್ತದೆ. ಕಟ್ಟಿನ ಫೋಟೋಗೆ ಉಪಯೋಗವಿದೆ. ಆದರೆ ಅದು ಹಲವು ಚಿತ್ರ ಹೊಲಿದು ಮಾಡಿದ ನಕಲು. ಅದನ್ನೇ ಮೂಲ ಪ್ರತಿ ಅಂದುಕೊಳ್ಳಬೇಡಿ.

ಮೂಗುತಿ ಎಲ್ಲಿ ಹೋಯಿತು?

ಈಗ ರಿಪೇರಿ. ಕೆಂಪಗಾದ ಕಲರ್ ಫೋಟೋ ಎಲ್ಲರ ಮನೆಯಲ್ಲೂ ಇದೆ. ಆ ಕಾಲದ ಕಾಗದದಲ್ಲಿ ಮೂರು ಬಣ್ಣದ ಪದರಗಳಿದ್ದವು. ಆಲ್ಬಂನ ಕತ್ತಲಲ್ಲೇ ಇದ್ದರೂ ಅದರಲ್ಲಿ ಸಯಾನ್, ಅಂದರೆ ಹಸಿರು ನೀಲಿ ಬಣ್ಣ ಮೊದಲು ಸೋಲುತ್ತಿತ್ತು. ಉಳಿದದ್ದು ಕೆಂಪು. ಸ್ಕ್ಯಾನ್ ಫೈಲಿನ ಕೆಂಪು, ಹಸಿರು, ನೀಲಿ ಪದರಗಳ ಲೆವೆಲ್ಸ್, ಅಂದರೆ ಕಪ್ಪಿನಿಂದ ಬಿಳಿವರೆಗಿನ ಮಟ್ಟವನ್ನು ಬೇರೆ ಬೇರೆಯಾಗಿ ಎಳೆದರೆ ಎಷ್ಟೋ ವಾಪಸ್ ಬರುತ್ತದೆ. ಗಿಂಪ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲೇ ಇದನ್ನು ಮಾಡಬಹುದು. ಬಿಳಿಯ ಅಳತೆಗೆ ಅಂಗಿಯನ್ನೋ ಪಂಚೆಯನ್ನೋ ಹಿಡಿಯಿರಿ. ಫೋಟೋದ ಬಾರ್ಡರ್ ನಂಬಬೇಡಿ, ಅದೂ ಹಳದಿಯಾಗಿರುತ್ತದೆ.

ಎಐ ಆ್ಯಪ್‌ಗಳ ಬಗ್ಗೆ ನನ್ನ ತಕರಾರು ಬೇರೆ. ಅವು ಮಸುಕಾದ ಮುಖವನ್ನು ಸರಿಮಾಡುವುದಿಲ್ಲ, ಆ ಜಾಗದಲ್ಲಿ ಹೊಸ ಮುಖ ಬರೆಯುತ್ತವೆ. ಲಕ್ಷಗಟ್ಟಲೆ ಮುಖ ನೋಡಿ ಕಲಿತ ಅಂದಾಜಿನಲ್ಲಿ ಕಣ್ಣು, ತುಟಿ, ಹಲ್ಲು ಕೂರಿಸುತ್ತವೆ. ನೋಡಲು ಸೊಗಸು. ಆದರೆ ಅಜ್ಜಿಯ ಮೂಗುತಿಯನ್ನು ಕಲೆ ಅಂತ ಅಳಿಸಿರುತ್ತವೆ. ಹಣೆಯ ಕುಂಕುಮ ಚಿಕ್ಕದಾಗಿದ್ದರೆ ಅದೂ ಹೋಗುತ್ತದೆ. ಗಲ್ಲದ ಹಚ್ಚೆ, ಸಿಡುಬಿನ ಕಲೆ, ಒಂದು ಕಣ್ಣು ಸ್ವಲ್ಪ ಚಿಕ್ಕದಿದ್ದದ್ದು, ಎಲ್ಲ ನುಣ್ಣಗೆ. ಬಣ್ಣ ಹಾಕುವಾಗಲೂ ಸೀರೆ ಹಸಿರಿತ್ತೋ ಕೆಂಪಿತ್ತೋ ಅದಕ್ಕೇನು ಗೊತ್ತು? ಹಿಂದೆ ಸ್ಟುಡಿಯೋಗಳಲ್ಲಿ ಕೈಯಲ್ಲೇ ಬಣ್ಣ ತುಂಬುತ್ತಿದ್ದರು. ಅವರಾದರೂ ಮನೆಯವರನ್ನು ಕೇಳಬಹುದಿತ್ತು.

ಬಳಸಲೇಬೇಕೆಂದರೆ ಬಳಸಿ. ಫೈಲಿನ ಹೆಸರಿನಲ್ಲಿ ‘ಎಐ’ ಅಂತ ಸೇರಿಸಿ, ಮೂಲದ ಪಕ್ಕದಲ್ಲೇ ಇಡಿ. ಇಲ್ಲದಿದ್ದರೆ ಮುಂದಿನವರು ಯಾರದೋ ಮುಖವನ್ನು ಅಜ್ಜಿ ಅಂತ ನಂಬಿ ಗೋಡೆಗೆ ಹಾಕುತ್ತಾರೆ.

ಹಿಂಬದಿ, ಹೆಸರು

ಫೋಟೋದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ತಪ್ಪದೆ ಮಾಡಿ. ಅಲ್ಲಿ ಸ್ಟುಡಿಯೋದ ಮುದ್ರೆ ಇರುತ್ತದೆ, ಯಾರೋ ಇಂಕಿನಲ್ಲಿ ಬರೆದ ತಾರೀಖು ಇರುತ್ತದೆ, ಕಾಗದದ ಕಂಪನಿಯ ಹೆಸರು ಇರುತ್ತದೆ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ಕಾಗದ ಅಂತ ಹಿಂದೆ ಕಂಡರೆ, ಆ ಪ್ರಿಂಟು 1967ಕ್ಕಿಂತ ಹಿಂದಿನದಲ್ಲ, ಕಾರ್ಖಾನೆ ಉತ್ಪಾದನೆ ಶುರು ಮಾಡಿದ್ದೇ ಆಗ. ಹಳೇ ಫೋಟೋವನ್ನು ಆಮೇಲೆ ಪ್ರಿಂಟ್ ಹಾಕಿಸಿರಬಹುದು ಅನ್ನುವುದೂ ನೆನಪಿರಲಿ.

ಸ್ಟುಡಿಯೋ ಫೋಟೋಗಳು ಬರೀ ಮನೆಯ ಸೊತ್ತಲ್ಲ. ಪಾಂಡಿಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್‌ನವರು ಬ್ರಿಟಿಷ್ ಲೈಬ್ರರಿಯ ನೆರವಿನಿಂದ ತಮಿಳುನಾಡಿನ ಹಳೇ ಸ್ಟುಡಿಯೋ ಫೋಟೋಗಳನ್ನು ಡಿಜಿಟಲ್ ಮಾಡಿದ್ದಾರೆ. ನಮ್ಮ ಊರುಗಳ ಸ್ಟುಡಿಯೋಗಳಲ್ಲೂ ಬಾಗಿಲು ಮುಚ್ಚಿದ ಮೇಲೆ ನೆಗೆಟಿವ್‌ಗಳು ತಿಪ್ಪೆಗೆ ಹೋಗುತ್ತಿವೆ. ಗ್ರಂಥಾಲಯದವರು ಇಲ್ಲೇ ಇದ್ದಾರೆ, ಅವರ ಕಿವಿಗೂ ಬೀಳಲಿ ಅಂತ ಹೇಳಿದೆ.

ಹೆಸರು ಬರೆಯುವಾಗ ಒಂದು ಎಚ್ಚರಿಕೆ. ‘ಅಜ್ಜ, ದೊಡ್ಡಮ್ಮ, ಚಿಕ್ಕಪ್ಪ’ ಅಂತ ಬರೆಯಬೇಡಿ. ನಿಮಗೆ ಅಜ್ಜ, ನಿಮ್ಮ ಮೊಮ್ಮಗನಿಗೆ ಯಾರು? ಪೂರ್ತಿ ಹೆಸರು, ಊರು, ಸಂಬಂಧ ಯಾರ ಕಡೆಯಿಂದ, ಎಡದಿಂದ ಬಲಕ್ಕೆ ಕ್ರಮವಾಗಿ. ಮದುವೆಗೆ ಮುಂಚಿನ ಹೆಸರು ಬೇರೆ ಇದ್ದರೆ ಅದನ್ನೂ ಬರೆಯಿರಿ. ಮನೆಯ ಹಿರಿಯರ ಹತ್ತಿರ ಕೂತು ಕೇಳಿ, ಅವರು ಹೇಳುತ್ತಿರುವಾಗ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಕನ್ನಡದಲ್ಲಿ ಬರೆದರೆ ಯೂನಿಕೋಡ್‌ನಲ್ಲೇ ಬರೆಯಿರಿ. ಹಳೇ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಪಟ್ಟಿಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹೇಗೆ ಕಾಣುತ್ತವೆ ಅಂತ ಇಲ್ಲಿ ಹಲವರಿಗೆ ಗೊತ್ತು. ಈ ವಿವರವನ್ನು ಫೋಟೋ ಫೈಲಿನ ಒಳಗೇ, ಕ್ಯಾಪ್ಷನ್ ಜಾಗದಲ್ಲಿ ಸೇರಿಸಬಹುದು. ಹಾಗೆ ಮಾಡಿದರೆ ಫೈಲು ಹೋದಲ್ಲಿಗೆ ಹೆಸರೂ ಹೋಗುತ್ತದೆ.

ಸಭೆಯಿಂದ ಬಂದ ಪ್ರಶ್ನೆಗಳು

*ಸರ್, ಅಂಗಡಿಯಲ್ಲಿ ಕೊಟ್ಟು ಮಾಡಿಸಿದರೆ ಆಗಲ್ವಾ?*

ಆಗುತ್ತದೆ. ಕೊಡುವ ಮುಂಚೆ ಕೇಳಿ: ಎಷ್ಟು ಡಿಪಿಐ, ಟಿಫ್ ಕೊಡುತ್ತೀರಾ, ತಿದ್ದದ ಪ್ರತಿ ಕೊಡುತ್ತೀರಾ, ಹಿಂಬದಿ ಮಾಡುತ್ತೀರಾ, ಫೀಡರ್‌ನಲ್ಲಿ ಹಾಕುತ್ತೀರಾ. ಮೊದಲು ನಾಲ್ಕೈದು ಫೋಟೋ ಮಾತ್ರ ಕೊಟ್ಟು ನೋಡಿ. ಮನೆಯಲ್ಲಿ ಒಂದೇ ಇರುವ ಫೋಟೋವನ್ನು ಕೊರಿಯರ್‌ನಲ್ಲಿ ಕಳಿಸಬೇಡಿ.

*ನಾವು ಎಲ್ಲ ವಾಟ್ಸಾಪ್ ಗ್ರೂಪ್‌ಗೆ ಹಾಕಿದ್ದೀವಿ. ಅಲ್ಲೇ ಇರುತ್ತಲ್ಲ?*

ಇರುತ್ತದೆ, ಆದರೆ ಕುಗ್ಗಿದ ಪ್ರತಿ ಇರುತ್ತದೆ ತಾಯಿ. ವಾಟ್ಸಾಪ್ ಫೋಟೋವನ್ನು ಚಿಕ್ಕದು ಮಾಡಿ ಕಳಿಸುತ್ತದೆ. ಪೂರ್ತಿ ಕಳಿಸಬೇಕಾದರೆ ‘ಡಾಕ್ಯುಮೆಂಟ್’ ಅಂತ ಸೇರಿಸಿ ಕಳಿಸಿ. ಎತ್ತಿಡುವುದಕ್ಕೆ 3-2-1 ಅನ್ನುವ ಪದ್ಧತಿ ಇದೆ. ಪೀಟರ್ ಕ್ರೋಗ್ ಅನ್ನುವ ಫೋಟೋಗ್ರಾಫರ್ ಬಳಕೆಗೆ ತಂದದ್ದು. ಮೂರು ಪ್ರತಿ, ಎರಡು ಬಗೆಯ ಜಾಗದಲ್ಲಿ, ಒಂದು ಬೇರೆ ಊರಿನಲ್ಲಿ. ಮನೆಯಲ್ಲೊಂದು ಹಾರ್ಡ್ ಡಿಸ್ಕ್, ಕ್ಲೌಡ್‌ನಲ್ಲೊಂದು, ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಗಳ ಹತ್ತಿರ ಒಂದು. ಪೆನ್ ಡ್ರೈವ್ ಸಾಗಿಸುವುದಕ್ಕೆ ಸರಿ, ವರ್ಷಗಟ್ಟಲೆ ಎತ್ತಿಡುವುದಕ್ಕೆ ಅಲ್ಲ. ಮದುವೆ ಸಿಡಿಗಳಿದ್ದರೆ ಈ ವಾರವೇ ಹಾರ್ಡ್ ಡಿಸ್ಕ್‌ಗೆ ತೆಗೆದುಕೊಳ್ಳಿ. ಓದುವ ಡ್ರೈವ್ ಇರುವ ಕಂಪ್ಯೂಟರೇ ಈಗ ಅಪರೂಪ.

*ಸ್ಕ್ಯಾನ್ ಆದ ಮೇಲೆ ಒರಿಜಿನಲ್ ಇಟ್ಟುಕೊಳ್ಳಬೇಕಾ? ಮನೆಯಲ್ಲಿ ಜಾಗ ಇಲ್ಲ.*

ಇಟ್ಟುಕೊಳ್ಳಿ. ಇನ್ನು ಹತ್ತು ವರ್ಷಕ್ಕೆ ಇದಕ್ಕಿಂತ ಒಳ್ಳೆ ಸ್ಕ್ಯಾನರ್ ಬಂದರೆ ಇನ್ನೊಮ್ಮೆ ಮಾಡಬೇಕಾಗಬಹುದು. ಅಂಟು ಆಲ್ಬಂಗಳಿಂದ ಬಿಡಿಸಿದ್ದನ್ನು ಆಮ್ಲವಿಲ್ಲದ ಕಾಗದದ ಲಕೋಟೆಗಳಿಗೆ ಹಾಕಿದರೆ ದೊಡ್ಡ ಆಲ್ಬಂ ಒಂದು ಚಪ್ಪಲಿ ಡಬ್ಬದಷ್ಟು ಜಾಗಕ್ಕೆ ಇಳಿಯುತ್ತದೆ. ಪಿವಿಸಿ ಪ್ಲಾಸ್ಟಿಕ್ ಕವರ್ ಬೇಡ, ವಾಸನೆಯಿಂದಲೇ ಗೊತ್ತಾಗುತ್ತದೆ. ಪಾಲಿಪ್ರೊಪಿಲೀನ್ ಆದರೆ ಪರವಾಗಿಲ್ಲ. ಹಿಂದೆ ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲ್‌ನಲ್ಲಿ, ಅಂಚಿನಲ್ಲಿ, ಹಗುರವಾಗಿ. ಅಟ್ಟದ ಮೇಲೂ ಬೇಡ, ನೆಲಕ್ಕೆ ತಾಗಿದ ಟ್ರಂಕಿನಲ್ಲೂ ಬೇಡ. ಹೊರಗೋಡೆಗೆ ಒತ್ತದ ಬೀರುವಿನ ನಡುವಿನ ಅರೆ ಸರಿ. ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ, ಬಣ್ಣ ಬದಲಿಸುವ ಬಗೆಯದ್ದು, ಇಡಿ. ಅದರ ಹರಳು ಬಣ್ಣ ಬದಲಿಸಿದ್ದು ಕಂಡರೆ ತೇವ ಹೀರಿ ತುಂಬಿದೆ ಅಂತ, ಆಗ ಬದಲಾಯಿಸಿ. ನಮ್ಮ ಕಡೆ ಜೂನ್ ಬರುವ ಮುಂಚೆ ಒಮ್ಮೆ, ಮಳೆಯ ನಡುವೆ ಒಮ್ಮೆ ಡಬ್ಬ ತೆಗೆದು ನೋಡಬೇಕಾಗುತ್ತದೆ.